ಮಾವನ ಎಡೆಗೆ ಕಪ್ಪು ಲೇಬಲ್ಲು

ನಮ್ಮ ಮಂಡ್ಯದ ಕಡೆ ಪಿತೃಪಕ್ಷದಲ್ಲಿ ತೀರಿಕೊಂಡವರಿಗೆ ಎಡೆ ಇಡುತ್ತೇವೆ. ಅವರು ಇಷ್ಟಪಡುತ್ತಿದ್ದುದೆಲ್ಲ ಎಲೆಗೆ ಬರಬೇಕು. ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಅವರ ಕುಡಿತ. ಆಮೇಲೆ ಬಾಗಿಲು ಮುಚ್ಚಿಕೊಂಡು ಮನೆಯವರೆಲ್ಲ ಹೊರಗೆ ನಿಲ್ಲಬೇಕು. ಹಿರಿಯರು ಬಂದು ಉಂಡು ಹೋಗುತ್ತಾರೆ.

ಮಾವ ಹೋದಾಗ ನಾವು ಅಮೆರಿಕದ ಮಿಲ್ಪಿಟಾಸಿನಲ್ಲಿದ್ದೆವು. ಗ್ರೀನ್ ಕಾರ್ಡಿನ ಕಾಗದಪತ್ರ ನಡೆಯುತ್ತಿತ್ತು. ಈಗ ದೇಶ ಬಿಟ್ಟರೆ ವಾಪಸು ಬರುವುದು ಕಷ್ಟ ಎಂದು ವಕೀಲರು ಹೇಳಿದ್ದರು. ನನ್ನ ಗಂಡ ಅಪ್ಪನ ಮಣ್ಣಿಗೆ ಹೋಗಲಿಲ್ಲ. ಫೋನು ಇಟ್ಟು ಆಫೀಸಿಗೆ ಹೋದರು, ಸಂಜೆ ಬಂದು ಮೊಸರನ್ನ ಉಂಡರು. ನಾನು ಬಟ್ಟೆಗಳನ್ನು ಲಾಂಡ್ರಿ ಮೆಷಿನ್ನಿಗೆ ಹಾಕಿದೆ. ಯಾರೂ ಅಳಲಿಲ್ಲ.

ಊರಿಗೆ ಹೋದಾಗೆಲ್ಲ ಇವರು ಮಾವನಿಗೆ ಒಯ್ಯುತ್ತಿದ್ದುದು ಕೆಂಪು ಲೇಬಲ್ಲಿನ ಸ್ಕಾಚು. ತಾವು ಕುಡಿಯುವವರಲ್ಲ, ಆದರೆ ಅದರ ಕಥೆಯೆಲ್ಲ ಗೊತ್ತು. ಸ್ಕಾಟ್ಲೆಂಡಿನ ಒಂದು ದಿನಸಿ ಅಂಗಡಿಯಲ್ಲಿ ಶುರುವಾದದ್ದಂತೆ. ಹಡಗಿನಲ್ಲಿ ಒಡೆಯಬಾರದೆಂದು ಬಾಟಲಿಯನ್ನು ಚೌಕವಾಗಿ ಮಾಡಿದರಂತೆ. ಕೆಂಪು ಎಳೆಯದು, ಸೋಡಾ ಬೆರೆಸುವುದಕ್ಕೆ. ಕಪ್ಪು ಹನ್ನೆರಡು ವರ್ಷ ಮರದ ಪೀಪಾಯಿಯಲ್ಲಿ ಕೂತದ್ದು.

“ದಿನಸಿ ಅಂಗಡಿಯವ್ನು ಮಾಡಿದ್ದಾ ಇದ? ನಮ್ಮೂರವ್ನು ಉಪ್ಪನ್ನೇ ನೆಟ್ಟಗೆ ತೂಗಕಿಲ್ವಲ್ಲೋ!” ಎಂದು ಮಾವ ನಗುತ್ತಿದ್ದರು. ಲೇಬಲ್ಲಿನ ಮೇಲೆ ಕೋಲು ಹಿಡಿದು ದಾಪುಗಾಲು ಹಾಕುತ್ತಿದ್ದವನನ್ನು ನೋಡಿ, “ಈ ಟೋಪಿ ಸಾಹೇಬ ಎತ್ಲಾಗ್ ಹೊಂಟವ್ನೆ ಇಷ್ಟು ಅರ್ಜೆಂಟಾಗಿ?” ಕೊನೆಯ ಸಲ ಕೇಳಿದ್ದರು: “ಆ ಕಪ್ಪುದು ಹೆಂಗಿರ್ತದಪ್ಪಾ?”

“ಮುಂದಿನ ಸಲ ತರ್ತೀನಿ ಕಣಪ್ಪಾ,” ಎಂದಿದ್ದರು ಇವರು.

ಆ ವರ್ಷದ ಪಿತೃಪಕ್ಷಕ್ಕೆ ಇವರು ಕಪ್ಪು ಲೇಬಲ್ಲು ತಂದರು. ಬಾಳೆಲೆ ಸಿಗದೆ ಸ್ಟೀಲಿನ ತಟ್ಟೆಯಲ್ಲೇ ಮುದ್ದೆ, ಕೋಳಿಸಾರು, ವಡೆ ಬಡಿಸಿದೆ. ಊರಿಂದ ತಂದ ಗಾಜಿನ ಲೋಟಕ್ಕೆ ಇವರೇ ಬಗ್ಗಿಸಿದರು. ಕೈಮುಗಿದು, ಮಗಳೂ ಸೇರಿ ಮೂವರೂ ಹೊರಗೆ ಬಂದೆವು. ಬಾಗಿಲು ಎಳೆದೆ. ಕ್ಲಿಕ್ಕೆಂದಿತು. ಎಳೆದರೆ ತಾನೇ ಲಾಕಾಗುವ ಬಾಗಿಲು; ಬೀಗದ ಕೈ ಒಳಗೆ, ಅಡಿಗೆಮನೆ ಕಟ್ಟೆಯ ಮೇಲೆ.

“ಡಸ್ ತಾತ ಹ್ಯಾವ್ ಅ ಕೀ?” ಎಂದಳು ಮಗಳು.

“ತಾತಂಗೆ ಬೇಡ ಪುಟ್ಟಾ. ನಮಗೇ ಬೇಕಾಗಿರೋದು,” ಎಂದರು ಇವರು.

“ಅಪಾರ್ಟ್‌ಮೆಂಟ್ ಮ್ಯಾನೇಜರನ್ನ ಕರ್ಕೊಂಡು ಬನ್ರೀ,” ಎಂದೆ.

ಇವರು ಮೆಟ್ಟಿಲ ಮೇಲೆ ಕೂತರು. “ಇರು. ಅಪ್ಪ ನಿಧಾನವಾಗಿ ಕುಡಿಯೋರು.”

ನಾನೂ ಪಕ್ಕದಲ್ಲಿ ಕೂತೆ. ಫ್ರೀವೇ ಸದ್ದು ಬರುತ್ತಿತ್ತು. ಪಕ್ಕದ ಮನೆಯವಳು ಗ್ರೋಸರಿ ಚೀಲ ಹೊತ್ತು ಹೋಗುತ್ತ ಹಾಯ್ ಎಂದಳು. ನಾವೂ ಹಾಯ್ ಎಂದೆವು. ಮಗಳು ನನ್ನ ತೊಡೆಯ ಮೇಲೆ ನಿದ್ದೆಹೋದಳು. ಕಾಲು ಜೋಮು ಹಿಡಿಯಿತು. ಬಿಸಿಲು ನಮ್ಮನ್ನು ದಾಟಿ ಕಾರುಗಳ ಮೇಲೆ ಹೋದಮೇಲೆ ಇವರು ಎದ್ದು ಮ್ಯಾನೇಜರನ್ನು ಕರೆತಂದರು. ಆತ ಬಾಗಿಲು ತೆಗೆದು, ತಟ್ಟೆಯನ್ನೂ ಬಾಟಲಿಯನ್ನೂ ನೋಡಿ, “ಪಾರ್ಟಿನಾ?” ಎಂದು ಕೇಳಿದ. ಇವರು, “ನಮ್ಮ ತಂದೆ ಬಂದಿದ್ರು,” ಎಂದರು. ಆತ ತಲೆಯಾಡಿಸಿ ಹೋದ.

ಸಾರಿನ ಮೇಲೆ ಎಣ್ಣೆ ಹೆಪ್ಪುಗಟ್ಟಿತ್ತು. ಎಡೆಯದನ್ನು ಎಸೆಯುವಂತಿಲ್ಲ, ಮನೆಯವರೇ ಪ್ರಸಾದವೆಂದು ತೆಗೆದುಕೊಳ್ಳಬೇಕು. ಊಟ ನಾವು ಹಂಚಿಕೊಂಡೆವು. ಲೋಟದ್ದನ್ನು ಇವರು ನಿಂತೇ ಕುಡಿದರು, ಔಷಧಿ ಕುಡಿದ ಹಾಗೆ.

“ಹೆಂಗಿದೆ?” ಎಂದೆ.

“ಹೊಗೆ ವಾಸನೆ.”

“ಕೆಂಪುದಕ್ಕಿಂತ ಚೆನ್ನಾಗಿದ್ಯಾ?”

ಲೋಟವನ್ನು ಸಿಂಕಿನಲ್ಲಿ ತೊಳೆದು ಬೋರಲು ಹಾಕಿದರು. “ನಂಗೇನು ಗೊತ್ತು? ಕೆಂಪು ಕುಡಿದಿದ್ದು ಅಪ್ಪ.”