ನಾಯಿಯ ಮಂಚಕ್ಕೆ ಗವಸು ಹೊಲಿದ ಕಾಶಕ್ಕ

ಅಂಜಿಕೆಯೇ ಮನುಷ್ಯನ ಮೊದಲ ಗುರು. ಬೆಂಕಿಯಿಂದ, ಹಾವಿನಿಂದ, ಆಳವಾದ ನೀರಿನಿಂದ ಅವನನ್ನು ಕಾಪಾಡಿ ಇಂದಿನ ಸ್ಥಿತಿಗೆ ತಂದು ಮುಟ್ಟಿಸಿದ್ದು ಆ ಗುರುವೇ. ನಮ್ಮ ಕಾಶಕ್ಕನ ಮಟ್ಟಿಗೆ ಮಾತ್ರ ಆ ಗುರು ಪಾಠ ಹೇಳಿದ್ದನ್ನು ಯಾರೂ ಕಾಣಲಿಲ್ಲ. ದಿನವೂ ಬರುತ್ತಿದ್ದ, ಹಾಜರಿ ತೆಗೆದುಕೊಂಡು ಹೋಗುತ್ತಿದ್ದ.

ಎಪ್ಪತ್ತರ ದಶಕ ಇನ್ನೂ ಶುರುವಾಗದ ಕಾಲ. ಈಗ ಛತ್ರಪತಿ ಸಂಭಾಜಿನಗರವಾಗಿರುವ ಊರು ಆಗ ಔರಂಗಾಬಾದು. ಗುಲ್ಮಂಡಿಯ ಹಿಂದಿನ ಓಣಿಯಲ್ಲಿ ಒಂದು ಹಳೆಯ ವಾಡೆ. ಅದರ ಮಹಡಿಯ ಖೋಲಿಯಲ್ಲಿ ನಾನು, ಕೆಳಗೆ ಅಂಗಳಕ್ಕೆ ತೆರೆದ ಎರಡು ಖೋಲಿಗಳಲ್ಲಿ ಶಿವಲಿಂಗಪ್ಪನವರು ಮತ್ತು ಅವರ ಹೆಂಡತಿ ಕಾಶೀಬಾಯಿ. ನಾನು ಕುಂದಾಪುರದ ಕಡೆಯವನು, ಸೋದರಮಾವನ ಹೋಟೆಲಿನಲ್ಲಿ ಹಣದ ಗಲ್ಲೆಯ ಮೇಲೆ ಕೂರುವವನು. ಅವರು ಬೀದರ ಜಿಲ್ಲೆಯ ಭಾಲ್ಕಿಯವರು. ಶಿವಲಿಂಗಪ್ಪನವರಿಗೆ ಹತ್ತಿಯ ಅಡತಿ ವ್ಯಾಪಾರದ ಅಂಗಡಿಯೊಂದರಲ್ಲಿ ಗುಮಾಸ್ತಿಕೆ. ಇಡೀ ಓಣಿಯಲ್ಲಿ ಕನ್ನಡ ಮಾತಾಡುವವರು ನಾವು ಮೂವರೇ ಆದ್ದರಿಂದ, ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧ ತಿಳಿಯದಿದ್ದರೂ ನಾವು ಬಂಧುಗಳಾದೆವು. ಕಾಶೀಬಾಯಿಯವರಿಗೆ ನಾನು ‘ತಮ್ಮಾ’ ಆದೆ. ಅವರು ನನಗೆ ಕಾಶಕ್ಕ.

ಕಾಶಕ್ಕ ಪಂಪ್ ಸ್ಟೋವಿಗೆ ಅಂಜುತ್ತಿದ್ದರು. ಟೆಲಿಗ್ರಾಮು ತರುವವನ ಸೈಕಲ್ ಗಂಟೆಗೆ ಅಂಜುತ್ತಿದ್ದರು. ಅವನು ಪಕ್ಕದ ಓಣಿಗೆ ಹೋದರೆ ಆ ಓಣಿಯವರ ಪರವಾಗಿ ಅಂಜುತ್ತಿದ್ದರು. ಒಮ್ಮೆ ನಾವೆಲ್ಲ ದೌಲತಾಬಾದಿನ ಕೋಟೆಗೆ ಹೋದಾಗ, ಅಲ್ಲಿಯ ಕತ್ತಲೆಯ ಸುರಂಗದ ಬಾಯಿಯಲ್ಲೇ ಬುತ್ತಿಯ ಗಂಟು ಹಿಡಿದು ಕೂತುಬಿಟ್ಟರು. ನಾವು ಹೊರಬಂದಾಗ ಒಬ್ಬೊಬ್ಬರನ್ನೂ ಬೆರಳು ಮಾಡಿ ಎಣಿಸಿದರು. ಒಬ್ಬ ಹೆಚ್ಚಾಗಿದ್ದ! ಕಾಶಕ್ಕ ಬುತ್ತಿ ಬಿಟ್ಟು ಎದ್ದರು. ಹೆಚ್ಚಾದವನು ಪಂಜು ಹಿಡಿದು ದಾರಿ ತೋರಿಸಿ, ಇನಾಮಿಗಾಗಿ ಬೆನ್ನು ಹತ್ತಿದ್ದ ಮನುಷ್ಯ ಎಂದು ತಿಳಿಸಿ ಹೇಳುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು.

“ಇಷ್ಟು ಯಾಕೆ ಹೆದರುತ್ತೀರಿ ಕಾಶಕ್ಕ?” ಎಂದು ಕೇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು.

“ಅಂಜಿಕಿಗಿ ನಾ ಏನ್ ಕರದೀನೇನು ತಮ್ಮಾ? ತಾನೇ ಬರ್ತದ. ಬಂದ ಮ್ಯಾಲ ಕುಂಡ್ರು ಅನ್ನಬೇಕಲ್ಲ?”

ಎಲ್ಲಕ್ಕಿಂತ ಹೆಚ್ಚು ಅಂಜುತ್ತಿದ್ದದ್ದು ಮೋತಿಗೆ. ಮೋತಿ ಯಾರ ನಾಯಿಯೂ ಅಲ್ಲ. ನಮ್ಮ ಹೋಟೆಲಿನ ಹಿಂಬಾಗಿಲಲ್ಲಿ ಎಂಜಲು ದೋಸೆ ತಿಂದು ದಪ್ಪಗಾದ ಕಂದು ಬಣ್ಣದ ಬೀದಿನಾಯಿ. ಅದಕ್ಕೆ ಬೊಗಳುವುದೂ ಬೇಸರ. ಆದರೂ ಕಾಶಕ್ಕ ಹೊರಗೆ ಹೊರಟರೆ ಸೆರಗಿನಲ್ಲಿ ರೊಟ್ಟಿಯ ತುಣುಕು ಇರಲೇಬೇಕು. ಅದನ್ನು ದೂರ ಎಸೆದು, ನಾಯಿ ಆ ಕಡೆ ಹೋದ ಕೂಡಲೇ ಈ ಕಡೆ ಓಡುವುದು ಅವರ ಪದ್ಧತಿ. ಮಾರ್ಗಶಿರದ ಒಂದು ಸಂಜೆ ಅವರು ಹೀಗೆಯೇ ನೋಡದೆ ಹಿಂದಕ್ಕೆ ರೊಟ್ಟಿ ಎಸೆದು ಓಡಿದರು. ನಾಯಿ ಅಂದು ಹಿಂದೆ ಇರಲಿಲ್ಲ, ಮುಂದೆ ಮಲಗಿತ್ತು. ಕಾಶಕ್ಕ ಅದರ ಬಾಲದ ಮೇಲೆ ಕಾಲಿಟ್ಟರು. ಅದು ಎದ್ದು ಅವರ ಮೀನಖಂಡಕ್ಕೆ ಬಾಯಿ ಹಾಕಿತು.

ದವಾಖಾನೆಯ ಡಾಕ್ಟರು ಗಾಯ ತೊಳೆದು, ನಾಯಿ ಎಂಥದ್ದು, ಯಾಕೆ ಕಚ್ಚಿತು ಎಂದು ಕೇಳಿ ತಿಳಿದುಕೊಂಡರು. ಬಾಲ ತುಳಿದದ್ದು ಕೇಳಿ ನಕ್ಕರು. ಆಮೇಲೆ ನಗದೆ ಹೇಳಿದರು: ನಾಯಿಯನ್ನು ಕಟ್ಟಿಹಾಕಿ ಹತ್ತು ದಿನ ನೋಡಿರಿ. ಬದುಕಿದ್ದರೆ ಚಿಂತೆಯಿಲ್ಲ. ಸತ್ತರೆ, ತಪ್ಪಿಸಿಕೊಂಡರೆ, ಅನ್ನನೀರು ಬಿಟ್ಟರೆ, ಆ ಕ್ಷಣ ಇಲ್ಲಿಗೆ ಬನ್ನಿರಿ. ಹೊಟ್ಟೆಗೆ ಸೂಜಿ ಶುರು ಮಾಡೋಣ. ಈಗ ಯಾರೂ ಹಾಗೆ ಕಾಯುವುದಿಲ್ಲ, ಕಚ್ಚಿದ ದಿನವೇ ಸೂಜಿ ಹಾಕುತ್ತಾರೆ. ಆಗಿನದು ಹಾಗಿತ್ತು.

ಹೀಗೆ ಔರಂಗಾಬಾದಿನಲ್ಲಿ ನಾಯಿಗೆ ಅತ್ಯಂತ ಹೆಚ್ಚು ಅಂಜುವ ಹೆಂಗಸಿನ ಪ್ರಾಣವು ಒಂದು ನಾಯಿಯ ಕ್ಷೇಮದ ಮೇಲೆ ನಿಂತಿತು. ಮೋತಿಯನ್ನು ವಾಡೆಯ ಅಂಗಳದ ಕಂಬಕ್ಕೆ ಕಟ್ಟಲಾಯಿತು.

ಕಾಶಕ್ಕನ ಅಂಜಿಕೆಗಳಲ್ಲಿ ಇದೊಂದಕ್ಕೆ ಕಾರಣವಿತ್ತು. ಅವರು ಸಣ್ಣವರಿದ್ದಾಗ ಅವರ ಕಾಕಾನಿಗೆ ಹುಚ್ಚುನಾಯಿ ಕಚ್ಚಿ, ತಿಂಗಳು ಕಳೆದ ಮೇಲೆ ರೋಗ ಏರಿತ್ತು. ಮನೆಯವರು ಅವನನ್ನು ಕೊಟ್ಟಿಗೆಯಲ್ಲಿ ಕಟ್ಟಿದ್ದರು. ಕಾಶಕ್ಕ ಬಾಗಿಲ ಸಂದಿಯಿಂದ ನೋಡಿದ್ದರು.

“ನೀರಿನ ತಂಬಿಗಿ ಕಂಡ್ರ ಕರಾ ಒದರಿದಂಗ ಒದರ್ತಿದ್ದ ತಮ್ಮಾ. ಎತ್ತಿನ ಹಗ್ಗ ಹಚ್ಚಿ ಕಟ್ಟಿದ್ರು. ಕೈಯೆಲ್ಲಾ ಕಿತ್ತಿತ್ತು.”

ಅದನ್ನು ಅವರು ಹೇಳಿದ್ದು ಒಮ್ಮೆಯೇ. ಇನ್ನೊಮ್ಮೆ ಕೇಳುವ ಧೈರ್ಯ ನನಗಿರಲಿಲ್ಲ.

ಮೊದಲ ರಾತ್ರಿ ಚಳಿ ಬಿತ್ತು. ಕಲ್ಲುಹಾಸಿನ ಮೇಲೆ ನಾಯಿ ನಡುಗಿತು. ಇದು ನೆಗಡಿಯಾಗಿ ಸತ್ತರೂ ನನ್ನ ಹೊಟ್ಟೆಗೇ ಸೂಜಿ ಎಂದು ಕಾಶಕ್ಕ ಗಂಡನ ಬೆನ್ನು ಹತ್ತಿದರು. ಶಿವಲಿಂಗಪ್ಪನವರಿಗೆ ಬಡಗಿ ಕೆಲಸದ ಹವ್ಯಾಸ. ಅವರು ಹಳೆಯ ಚಹದ ಪೆಟ್ಟಿಗೆಗಳನ್ನು ಒಡೆದು ನಾಯಿಗೊಂದು ಮಂಚ ಮಾಡಿದರು. ಅದರ ನಾಲ್ಕು ಕಾಲುಗಳಲ್ಲಿ ಮೂರು ಒಂದೇ ಅಭಿಪ್ರಾಯದವಾಗಿದ್ದವು. ಮೇಲೊಂದು ಹತ್ತಿಯ ಗಾದಿ ಬಂತು. ಅಡತಿಯವರ ಹತ್ತಿ, ಉತ್ತಮವಾದದ್ದು.

“ರೀ, ಗಾದಿಗಿ ಜೊಲ್ಲು ಹತ್ತತದ. ವಿಷ ಜೊಲ್ಲಿನಾಗೇ ಇರ್ತದಂತ ಡಾಕ್ಟರ್ ಹೇಳ್ಯಾರ. ದಿನಾ ತೊಳಿಯಂಗ ಮ್ಯಾಲ ಹಾಕಾಕ ಗಲೀಫ ಬೇಕು.”

“ಗಾದಿ ಅದರದು, ಜೊಲ್ಲು ಅದರದು. ನಿನಗೇನಾಗ್ಬೇಕು ಕಾಶಿ?”

“ಗಾಳಿಗಿ ಹಾರಿ ಬಂದ್ರ?”

ಶಿವಲಿಂಗಪ್ಪನವರು ನನ್ನ ಮುಖ ನೋಡಿದರು. ಜೊಲ್ಲು ಗಾಳಿಗೆ ಹಾರುವುದಿಲ್ಲ ಎಂದು ಖಚಿತವಾಗಿ ಹೇಳುವಷ್ಟು ವಿದ್ಯೆ ನಮ್ಮಿಬ್ಬರಿಗೂ ಇರಲಿಲ್ಲ.

ಹಳೆಯ ಧೋತರವೊಂದನ್ನು ಹರಿದು ಕಾಶಕ್ಕ ಮೊದಲನೆಯ ಗವಸು ಹೊಲಿದರು. ಮೂರು ಮಗ್ಗುಲು ಮುಚ್ಚಿ, ಒಂದು ಮಗ್ಗುಲು ತೆರೆದು, ಅಲ್ಲಿ ಲಾಡಿ. ಎಲ್ಲರೂ ಮಾಡುವುದೇ. ಆದರೆ ಈ ಲಾಡಿಗಳು ಕುದುರೆಯ ಲಗಾಮಿನಷ್ಟು ಉದ್ದ. ನಾಯಿ ಆ ಕಡೆ ಹಾಲುರೊಟ್ಟಿ ತಿನ್ನುವಾಗ ಕಾಶಕ್ಕ ಈ ಕಡೆಯ ಕಂಬದ ಮರೆಯಲ್ಲಿ ನಿಂತು ಲಾಡಿ ಜಗ್ಗುತ್ತಿದ್ದರು. ಗಂಟು ಬಿಚ್ಚಿ ಗವಸು ಹಾವಿನ ಪೊರೆಯಂತೆ ಜಾರಿ ಅವರ ಕಡೆಗೆ ಬರುತ್ತಿತ್ತು. ಅದನ್ನು ಕೋಲಿನ ತುದಿಯಿಂದ ಎತ್ತಿ, ಡಬ್ಬಿಯಲ್ಲಿ ಸೋಡಾ ಹಾಕಿ ಕುದಿಸಿ, ಬಿಸಿಲಿಗೆ ಹಾಕುವುದು. ತೊಳೆದದ್ದನ್ನು ಮತ್ತೆ ಗಾದಿಗೆ ತೊಡಿಸುವ ಕೆಲಸ ಶಿವಲಿಂಗಪ್ಪನವರದು. ಮಾಳಿಗೆಯಿಂದ ಇಣುಕುವ ವಾಡೆಯ ಮಾಲಕಿ ಆಜಿ, “ಸ್ವಂತ ಮೊಮ್ಮಕ್ಕಳಿಗೂ ನಾನು ಇಷ್ಟು ಮಾಡಿಲ್ಲವಲ್ಲೇ ಬಾಯಿ” ಎಂದು ಮರಾಠಿಯಲ್ಲಿ ನಿಟ್ಟುಸಿರು ಬಿಡುತ್ತಿದ್ದಳು.

ನಗುತ್ತಿದ್ದವರು ನಾವು. ಕಾಶಕ್ಕ ನಗುತ್ತಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಬಾಗಿಲಿಗೆ ಬಂದು ನಾಯಿಯ ಹೊಟ್ಟೆ ಏರಿಳಿಯುವುದನ್ನು ನೋಡುವರು. ಆಮೇಲೆ ತಾಮ್ರದ ಚರಿಗೆಯಲ್ಲಿ ನೀರು ತುಂಬಿಟ್ಟುಕೊಂಡು ಅದನ್ನು ನೋಡುತ್ತ ಕೂರುವರು. ಒಂದು ದಿನ ನನ್ನನ್ನು ಕರೆದು ಮೆಲ್ಲಗೆ ಕೇಳಿದರು.

“ತಮ್ಮಾ, ಆ ಬ್ಯಾನಿ ಬಂದ್ರ ನೀರಿಗಿ ಅಂಜತಾರ, ಹೌದಿಲ್ಲ?”

“ಹಾಗೆ ಹೇಳುತ್ತಾರೆ.”

“ನಾ ಮೊದಲಿಂದಾನೂ ನೀರಿಗಿ ಅಂಜಾಕಿ. ಬಾವಿ ಬಗ್ಗಿ ನೋಡಿದಾಕಿ ಅಲ್ಲ. ಈಗ ಎದಿ ಢವಢವ ಅನ್ನಾಕತ್ತದ. ಇದು ಹಳೀ ಅಂಜಿಕಿನೋ ಹೊಸಾದೋ, ಹೆಂಗ ತಿಳಕೋಬೇಕು?”

ಅವರು ತಮಾಷೆಗೆ ಕೇಳಿದ್ದಲ್ಲ. “ಕುಡಿದು ನೋಡಿ” ಎಂದೆ. ಅವರು ಕಣ್ಣು ಮುಚ್ಚಿ ಗಟಗಟ ಕುಡಿದರು. ಅರ್ಧ ನೀರು ಸೀರೆಯ ಮೇಲೆ ಬಿತ್ತು. ಅಂದಿನಿಂದ ನನಗೂ ಚರಿಗೆಯನ್ನು ಕಂಡರೆ ಒಂದು ಬಗೆಯ ಕಸಿವಿಸಿ.

ಒಗೆದದ್ದು ಒಣಗುವವರೆಗೆ ಗಾದಿ ಬರಿದಾಗಿ ಇರುತ್ತದೆಂದು ಎರಡನೆಯ ಗವಸು ಬೇಕಾಯಿತು. ಆ ಹೊತ್ತಿಗೆ ಎಳ್ಳಮಾವಾಸ್ಯೆ ಬಂದಿತ್ತು. ನಾಯಿ ಚೆನ್ನಾಗಿ ತಿನ್ನುತ್ತಿತ್ತು. ಕಾಶಕ್ಕನ ಜೀವಕ್ಕೆ ತುಸು ಸಮಾಧಾನ. ಇದನ್ನು ಅವರು ಆತುರದಲ್ಲಿ ಹೊಲಿಯಲಿಲ್ಲ. ಹಳೆಯ ಇಳಕಲ್ ಸೀರೆಯ ತುಂಡುಗಳನ್ನು ಪದರ ಪದರ ಜೋಡಿಸಿ, ತಮ್ಮೂರಲ್ಲಿ ಕೌದಿ ಹೊಲಿಯುವಂತೆ ಅಂಚಿನಿಂದ ಒಳಗೆ ಸುತ್ತುತ್ತ ಟಾಕು ಹಾಕಿದರು. ನಡುವೆ ಅಂಗೈಯಷ್ಟು ಜಾಗ ಉಳಿಯಿತು. ಅಲ್ಲಿಗೆ ಬಂದಾಗ ಎದ್ದು ಹೋಗಿ, ಹಬ್ಬಕ್ಕೆ ಮಾಡಿದ ಶೇಂಗಾ ಹೋಳಿಗೆಯ ಒಂದು ತುಂಡು ತಂದು, ಆ ಜಾಗದಲ್ಲಿಟ್ಟು ಮೇಲೊಂದು ಬಟ್ಟೆ ಹಾಕಿ ಹೊಲಿದುಬಿಟ್ಟರು.

“ಇದೇನು ಕಾಶಕ್ಕ?”

“ಕೌದಿ ಮುಗಸೂಮುಂದ ಅದರ ಹೊಟ್ಟಿ ತುಂಬಸಬೇಕು. ಹಸದ ಕೌದಿ ಮ್ಯಾಲ ಮಲಗಿದವರಿಗಿ ಸುಖಾ ಇಲ್ಲ.”

“ಇದು ನಾಯಿಗಲ್ಲವೇ?”

“ಅದಕ್ಕರೇ ಸುಖಾ ಬ್ಯಾಡೇನು? ಅದು ಸುಖದಿಂದ ಇದ್ರೇನೇ ನಾ ಇರಾಕಿ.”

ಶಾಸ್ತ್ರವೂ ತರ್ಕವೂ ಎರಡೂ ಅವರ ಪಕ್ಷದಲ್ಲಿದ್ದವು. ಕುದಿಸಿದಾಗ ಹೋಳಿಗೆ ಏನಾಗಬೇಕು ಎಂಬುದನ್ನಾಗಲಿ, ಮಲಗುವಾತನ ಮೂಗು ಎಂಥದ್ದು ಎಂಬುದನ್ನಾಗಲಿ ನಾವು ಯಾರೂ ವಿಚಾರಿಸಲಿಲ್ಲ.

ಮರುದಿನ ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಮೋತಿ ಮಂಚದಿಂದ ಇಳಿದು ಗೋಡೆಗೆ ಮುಖ ಮಾಡಿ ನಿಂತಿತ್ತು. ಹಾಲುರೊಟ್ಟಿ ಹಾಗೇ ಇತ್ತು. ನೀರಿನ ಬೋಗುಣಿಯ ಹತ್ತಿರ ಹೋಗಿ ಬಾಯಿ ತೆರೆದು, ಕುಡಿಯದೆ ಹಿಂದೆ ಸರಿಯಿತು. ಬಾಯಿಂದ ಜೊಲ್ಲು ದಾರದಂತೆ ಇಳಿಯುತ್ತಿತ್ತು. ಬೊಗಳಲು ಹೋದರೆ ಬಂದದ್ದು ಬೊಗಳಲ್ಲ, ಗೊಗ್ಗರು ಗೊಗ್ಗರಾದ ಒಂದು ಸ್ವರ. ಆಜಿ ಮಾಳಿಗೆಯ ಕಿಟಕಿ ಹಾಕಿಕೊಂಡಳು.

ಕಾಶಕ್ಕ ಹೊಸ್ತಿಲಲ್ಲಿ ಕೂತಿದ್ದರು. ಅಳಲಿಲ್ಲ, ಚೀರಲಿಲ್ಲ, ಸ್ಟೋವಿಗೆ ಚೀರುವ ಹೆಂಗಸು!

“ರೀ, ಕೇಳ್ರಿ” ಎಂದರು ಗಂಡನಿಗೆ. “ಸೂಜಿ ಹಾಕ್ಸೂನು. ಅದು ಹತ್ತಲಿಲ್ಲಂದ್ರ ನನಗ ಕಟ್ಟಿಹಾಕ್ತಾರ. ಹಗ್ಗ ಹಚ್ಚಬ್ಯಾಡ್ರಿ. ನನ್ನ ಹಳೀ ಸೀರಿ ಅವ, ಮೆತ್ತಗ. ಅವುನ್ನ ಹಚ್ಚಿ ಕಟ್ರಿ.”

ಶಿವಲಿಂಗಪ್ಪನವರು ಟಾಂಗಾ ತರಲು ಓಡಿದರು. ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು.

ನಾನು ಕಾಶಕ್ಕನ ಹತ್ತಿರ ನಿಂತೆ. ಏನು ಮಾಡಬೇಕೆಂದು ತಿಳಿಯದವರು ದಿನದ ಕೆಲಸವನ್ನೇ ಮಾಡುತ್ತಾರೆ. ಅವರು ಎದ್ದು ಕಂಬದ ಮರೆಗೆ ಹೋಗಿ ಲಾಡಿ ಜಗ್ಗಿದರು. ಗವಸು ಜಾರಿ ಬಂತು. ಕೋಲಿನಿಂದ ಎತ್ತಿದರು. ಬಿಸಿಲು ಅದರ ನಡುವಿನಿಂದ ತೂರಿ ಬಂತು. ಹೋಳಿಗೆ ಇಟ್ಟ ಜಾಗದಲ್ಲಿ ಅಂಗೈಯಷ್ಟು ತೂತು. ಹೋಳಿಗೆಯೂ ಇಲ್ಲ, ಅದರ ಮೇಲಿನ ಕೆಳಗಿನ ಬಟ್ಟೆಯೂ ಇಲ್ಲ, ದಾರವೂ ಇಲ್ಲ.

ಕಾಶಕ್ಕ ಆ ತೂತಿನಲ್ಲಿ ನನ್ನನ್ನು ನೋಡಿದರು.

“ತಮ್ಮಾ, ಅದರ ಗಂಟಲದಾಗ ನನ್ನ ಸೀರಿ ಅದ.”

“ಇರಬಹುದು. ದನದ ಡಾಕ್ಟರನ್ನು ಕರೆಯೋಣ.”

“ಅವ ಬರೋತನಾ ಅದು ಉಸರ ಕಟ್ಟಿ ಸಾಯ್ತದ. ಸತ್ತ ಮ್ಯಾಲ ಬ್ಯಾನಿಲೆ ಸತ್ತದೋ ಸೀರಿಲೆ ಸತ್ತದೋ ಯಾರು ಹೇಳಾವ್ರು?”

“ಹುಚ್ಚೇ ಆಗಿದ್ದರೆ? ಕೈ ಹಾಕಬೇಡಿ, ನಾನು...” ಎಂದೆ. ‘ನಾನು’ ಆದ ಮೇಲೆ ಕ್ರಿಯಾಪದ ಬರಲಿಲ್ಲ.

“ನಿನಗ ಇನ್ನಾ ಕಚ್ಚಿಲ್ಲ. ನನಗ ಕಚ್ಚೇದ. ಸರೀ ಆಕಡಿ.”

ಒಣಗಿದ ಧೋತರದ ಗವಸನ್ನು ಬಟ್ಟೆ ಹರವುವ ಹಗ್ಗದಿಂದ ಎಳೆದು ಬಲಗೈಗೆ ಮೊಣಕೈವರೆಗೆ ಸುತ್ತಿಕೊಂಡರು. ಬಳೆಗಳ ಸದ್ದು ನನಗೆ ಕೇಳುತ್ತಿತ್ತು. ನಾಯಿಯ ಹತ್ತಿರ ಹೋಗಿ, ಮಂಡಿಯಿಂದ ಅದರ ಪಕ್ಕೆಯನ್ನು ಗೋಡೆಗೆ ಒತ್ತಿ, ತಮ್ಮ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಅದರ ಬಾಯಿಗೆ ಕೈ ಹಾಕಿದರು. “ಎಪ್ಪಾ ಎಪ್ಪಾ ಎಪ್ಪಾ” ಎನ್ನುತ್ತಲೇ ಇದ್ದರು. ನಾನು ಹಿಡಿದದ್ದು ನಾಯಿ ಕಟ್ಟಿದ ಹಗ್ಗದ ತುದಿಯನ್ನು ಮಾತ್ರ. ನಾಯಿ ಒದ್ದಾಡಿತು, ಕಕ್ಕಿತು. ಹೊರಗೆ ಬಂದದ್ದು ಜೊಲ್ಲಿನಲ್ಲಿ ತೊಯ್ದು ಹೊಸೆದುಕೊಂಡ ಕೆಂಪು ಸೆರಗಿನ ತುಂಡು, ಅದರ ಹಿಂದೆ ಮೊಳಗಟ್ಟಲೆ ದಾರ.

ಇದು ಮಾಡಬಾರದ ಕೆಲಸ. ಅಂದು ಸಂಜೆ ಡಾಕ್ಟರು ಕಾಶಕ್ಕನ ಕೈಯನ್ನು ಬೆಳಕಿಗೆ ಹಿಡಿದು, ಎಲ್ಲೂ ತರಚಿಲ್ಲವೆಂದು ನೋಡಿಕೊಂಡ ಮೇಲೆ ಬಾಯಿಗೆ ಬಂದಂತೆ ಬೈದರು. ಕಾಶಕ್ಕ ಡಾಕ್ಟರಿಗೂ ಅಂಜಿ ಗಂಡನ ಹಿಂದೆ ನಿಂತರು. ಆದರೆ ಟಾಂಗಾ ಬಾಗಿಲಿಗೆ ಬಂದು ನಿಂತ ಹೊತ್ತಿಗೇ ಮೋತಿ ಬೋಗುಣಿಯ ನೀರು ಮುಗಿಸಿ ರೊಟ್ಟಿಗೆ ಬಾಯಿ ಹಾಕಿತ್ತು. ಉಳಿದ ದಿನಗಳು ಕಳೆದವು. ನಾಯಿ ಸಾಯಲಿಲ್ಲ, ಸೂಜಿ ಬೇಕಾಗಲಿಲ್ಲ. ಹಗ್ಗ ಬಿಚ್ಚಿದ ದಿನ ಅದು ಹೋಟೆಲಿನ ಹಿಂಬಾಗಿಲಿಗೆ ಹೋಗಿ, ದೋಸೆ ತಿಂದು, ರಾತ್ರಿ ಮಂಚಕ್ಕೆ ಮರಳಿತು. ಕಾಶಕ್ಕ ಅದಕ್ಕೆ ಅಂಜುವುದನ್ನು ಬಿಡಲಿಲ್ಲ.

ಕೆಲವು ವರ್ಷಗಳ ಮೇಲೆ ಅಡತಿಯವರು ಶಿವಲಿಂಗಪ್ಪನವರನ್ನು ನಾಸಿಕದ ಶಾಖೆಗೆ ಕಳಿಸಿದರು. ಮಾವನ ಕೆಲಸಕ್ಕೆ ನಾಸಿಕಕ್ಕೆ ಹೋದಾಗ ಒಮ್ಮೆ ಪಂಚವಟಿಯ ಹತ್ತಿರದ ಅವರ ಮನೆಗೆ ಹೋದೆ. ಕಾಶಕ್ಕ ಸೊರಗಿದ್ದರು. ಉಪ್ಪಿಟ್ಟು ಕೊಟ್ಟರು. ನಾಯಿ ಕಡಿದ ಬೇನೆ ವರ್ಷಗಟ್ಟಲೆ ಮೈಯಲ್ಲಿ ಅಡಗಿ ಕೂರುತ್ತದೆಂದು ಅಲ್ಲಿ ಯಾರೋ ಹೇಳಿಬಿಟ್ಟಿದ್ದರು.

“ಖರೇ ಏನು ತಮ್ಮಾ?”

“ಸುಳ್ಳು ಕಾಶಕ್ಕ. ಆ ನಾಯಿ ಈಗಲೂ ಗುಲ್ಮಂಡಿಯಲ್ಲಿ ತಿರುಗುತ್ತಿದೆ.”

“ಹೌದಾ? ಆರಾಮ ಅದೇನು?” ಎಂದರು. ನನ್ನ ತಟ್ಟೆಗೆ ಇನ್ನಷ್ಟು ಉಪ್ಪಿಟ್ಟು ಹಾಕಿ, “ನೀ ಅದರ ಹಂತೇಕ ಹೋಗಬ್ಯಾಡ” ಎಂದರು.

ಅದೇ ಕಡೆಯ ಭೇಟಿ. ಮರುವರ್ಷದ ಚಳಿಗಾಲದಲ್ಲಿ ಕಾಶಕ್ಕ ನಾಸಿಕದಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು.