ನೀತಿ ಬಂತೆಂದರೆ ಮ್ಯೂಟ್

ರಾಯರ ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು. ಔಷಧಿ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುತ್ತ, ಗುಳಿಗೆಗಳನ್ನು ಅಮುಕಿ ಅಮುಕಿ ಹಾಗಾಯಿತೆಂದು ಹೇಳುತ್ತಿದ್ದರು. ನನಗೆ ಅದರ ಮೇಲೂ ಅನುಮಾನವೇ. ಶನಿವಾರ ಬೆಳಿಗ್ಗೆ ಆ ಹೆಬ್ಬೆರಳು ರಿಮೋಟಿನ ಮ್ಯೂಟ್ ಗುಂಡಿಯ ಮೇಲೆ ಕಾದು ಕೂತಿರುತ್ತಿತ್ತು.

ಈ ಪರದೇಶದ ಹೈರಿಡ್ಜ್ ಬಡಾವಣೆಯ ನಮ್ಮ ಕಾಂಪೌಂಡಿಗೆಲ್ಲ ಅವರು ಮೇಲಿನ ಮನೆಯ ರಾಯರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ತಮ್ಮ ಮಕ್ಕಳಿಗೆಂದು ಎಂದೋ ಕೊಂಡಿದ್ದ ಹಳೇ ಕಾರ್ಟೂನ್ ಡಿಸ್ಕ್‌ಗಳನ್ನು ಹಾಕಿ, ಕೈಗೆ ಚಕ್ಕುಲಿ ಕೊಟ್ಟು, ಕಾಂಪೌಂಡಿನ ಮಕ್ಕಳನ್ನೆಲ್ಲ ಕೂರಿಸಿಕೊಳ್ಳುತ್ತಿದ್ದರು. ಒಂಟಿ ಮುದುಕರಿಗೆ ಕಂಡವರ ಮಕ್ಕಳ ಮೇಲೆ ಯಾಕಪ್ಪ ಇಷ್ಟು ಅಕ್ಕರೆ? ಕಾಲ ಕೆಟ್ಟಿದೆ. ಹುರುಳಿಕಾಯಿ ನಾರು ತೆಗೆಯುವ ನೆಪ ಮಾಡಿಕೊಂಡು ನಾನೂ ಮಗಳ ಜೊತೆ ಹೋಗಿ ಕೂತೆ. ರಾಯರಿಗೆ ತಿಳಿದುಹೋಯಿತು. "ನೀವು ಬಂದಿದ್ದು ಒಳ್ಳೇದಾಯ್ತಮ್ಮ. ನನ್ನನ್ನೂ ಸುಮ್ಮನೆ ನಂಬಬಾರದು," ಎಂದರು. ಅವತ್ತಿನಿಂದಲೇ ಅವರನ್ನು ಕಂಡರೆ ನನಗೆ ಪ್ರೀತಿ.

ಆ ಕಾರ್ಟೂನುಗಳದ್ದು ಒಂದೇ ಜಾಡು. ನಾಯಕ ಕಳ್ಳನನ್ನು ಹುಡುಕುತ್ತ ಕಥೆಯುದ್ದಕ್ಕೂ ಸಿಕ್ಕಸಿಕ್ಕವರಿಗೆ ಬಡಿಯುತ್ತಾನೆ. ಕೊನೆಗೆ ನಮ್ಮ ಕಡೆ ತಿರುಗಿ, ಮಕ್ಕಳೇ ಜಗಳ ಆಡಬಾರದು ಎನ್ನುತ್ತಾನೆ. ಅವನು ತಿರುಗುವಷ್ಟರಲ್ಲಿ ರಾಯರ ಹೆಬ್ಬೆರಳು ಗುಂಡಿ ಒತ್ತಿರುತ್ತಿತ್ತು. ಮಕ್ಕಳು ಗೊಣಗುತ್ತಿದ್ದವು. "ಅದು ಲೇಬಲ್ಲು, ಯಾರು ಬೇಕಾದ್ರೂ ಅಂಟಿಸ್ತಾರೆ. ಒಳಗಿನ ಗುಳಿಗೆ ಹೇಗಿತ್ತು ಅದನ್ನ ಹೇಳಿ. ನೀವು ಕಂಡಿದ್ದೇನು?" ಎಂದು ರಾಯರು ಕೇಳುತ್ತಿದ್ದರು.

ಒಮ್ಮೆ ನಮ್ಮ ಕಾಂಪೌಂಡಿನ ಸಮಿತಿ ಅಧ್ಯಕ್ಷರ ಮೊಮ್ಮಗನ ಹೊಸ ಸೈಕಲ್ ಕಾಣೆಯಾಯಿತು. ಸಮಿತಿ ಸೇರಿ, ಗೇಟು ಕಾಯುವವನನ್ನು, ಇಲ್ಲಿನವರ ಮಾತಿನಲ್ಲಿ ಅಸ್ಕಾರಿಯನ್ನು, ಅಂದೇ ಕೆಲಸದಿಂದ ತೆಗೆಯುವ ಮಾತಾಡಿತು. ಊರಲ್ಲಿದ್ದ ಅವನ ಮಕ್ಕಳ ಓದು ಇದೇ ಕೆಲಸದ ಮೇಲೆ ನಿಂತಿತ್ತು. ಅವನು ಟೋಪಿ ಕೈಯಲ್ಲಿ ಹಿಡಿದು ಬಾಗಿಲ ಬಳಿ ನಿಂತಿದ್ದ. ನಡುವೆ ನನ್ನ ಮಗಳು ಬಾಯಿ ಹಾಕಿದಳು: "ಇಟ್ಸ್ ಆಲ್ವೇಸ್ ದ ವಾಚ್‌ಮನ್!" ಹೌದು, ರಾಯರ ಕಾರ್ಟೂನುಗಳಲ್ಲಿ ಕೊನೆಗೆ ಸಿಕ್ಕಿಬೀಳುವ ಕಳ್ಳ ಯಾವಾಗಲೂ ಕಾವಲುಗಾರನೇ. ದೊಡ್ಡವರೆಲ್ಲ ನಕ್ಕರು, ಹೌದೆಂದು ತಲೆಯನ್ನೂ ಆಡಿಸಿದರು.

ರಾಯರ ಮುಖ ಮಾತ್ರ ಬಿಳುಚಿಕೊಂಡಿತು. ಇಷ್ಟು ವರ್ಷ ಕೊನೆಯ ನೀತಿಯ ಬಾಯಿ ಮುಚ್ಚಿಸಿದ್ದೇ ಬಂತು. ಪಾಠ ಕಥೆಯ ನಡುವೆಯೇ ಮಕ್ಕಳ ಹೊಟ್ಟೆ ಸೇರಿಬಿಟ್ಟಿತ್ತು.

"ಪುಟ್ಟಿ, ನೀನು ಕಂಡ್ಯಾ?"

"ನೋ ಅಂಕಲ್, ಬಟ್..."

"ಕಂಡಿಲ್ಲ ಅಂದ್ಮೇಲೆ ಅವನೊಬ್ಬನ ಮೇಲೆ ಯಾಕೆ? ಗೇಟಿನ ಬೀಗದ ಕೈ ನನ್ನ ಹತ್ರಾನೂ ಇದೆ. ನನ್ನ ಮೇಲೂ ಅನುಮಾನ ಪಡಬೇಕು."

ಹುಡುಕುವುದಾದರೆ ಮೊದಲು ತಮ್ಮ ಮನೆ, ಆಮೇಲೆ ನಮ್ಮೆಲ್ಲರ ಮನೆ, ಕೊನೆಗೆ ಅಸ್ಕಾರಿಯ ಕೋಣೆ ಎಂದು ಪಟ್ಟು ಹಿಡಿದರು. ಮನೆ ತೆರೆದು ತೋರಿಸಲು ಯಾರಿಗೂ ಮನಸ್ಸಿರಲಿಲ್ಲ. ಅಸ್ಕಾರಿಯ ಕೆಲಸ ಉಳಿಯಿತು. ಸೈಕಲ್ ಇವತ್ತಿಗೂ ಸಿಕ್ಕಿಲ್ಲ.

ಅವನು ಕದ್ದಿಲ್ಲವೆಂದು ನಿಮಗೆ ಖಾತ್ರಿಯೇ ಎಂದು ಮೆಟ್ಟಿಲ ಬಳಿ ರಾಯರನ್ನು ಕೇಳಿದೆ. "ಇಲ್ಲಮ್ಮ, ಕದ್ದಿದ್ರೂ ಕದ್ದಿರಬಹುದು. ನಾವು ಕಂಡಿಲ್ಲ, ಅಷ್ಟೇ," ಎಂದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಜನ ನಾವು, ಕಾಣದ್ದಕ್ಕೇ ಒಬ್ಬನ ಅನ್ನ ಕೀಳಲು ಹೊರಟಿದ್ದೆವು. ಮುಂದಿನ ಶನಿವಾರದಿಂದ ರಾಯರು ಕಥೆಯನ್ನೇ ನಡುನಡುವೆ ನಿಲ್ಲಿಸತೊಡಗಿದರು. ಇವನೇ ಕಳ್ಳ ಅಂತ ನಿಮಗೆ ಈಗಲೇ ಯಾಕೆ ಅನ್ನಿಸಿತು ಎಂದು ಮಕ್ಕಳನ್ನು ಕೇಳುತ್ತಿದ್ದರು. ನಾನು ಹುಟ್ಟಾ ಅನುಮಾನದವಳು. ಅನುಮಾನ ಪಡುವುದಾದರೆ ಎಲ್ಲರ ಮೇಲೂ ಸಮನಾಗಿ ಪಡಬೇಕೆಂದು ನನಗೆ ಕಲಿಸಿದವರು ಅವರೇ.

ಹೋದ ತಿಂಗಳು ರಾಯರು ನಿದ್ದೆಯಲ್ಲೇ ಹೋಗಿಬಿಟ್ಟರು. ಸಂತಾಪ ಸಭೆಯಲ್ಲಿ ಅಸ್ಕಾರಿ ಹಿಂದಿನ ಸಾಲಿನಲ್ಲಿ ಅಳುತ್ತ ಕೂತಿದ್ದ. ಅಧ್ಯಕ್ಷರು ಎದ್ದು, ರಾಯರ ಬದುಕಿನಿಂದ ನಾವೆಲ್ಲ ಕಲಿಯಬೇಕಾದ ಪಾಠವೇನೆಂದರೆ, ಎಂದು ಗಂಟಲು ಸರಿಮಾಡಿಕೊಂಡರು. ಮಗಳ ಕೈ ನನ್ನ ಕೈಯೊಳಗಿತ್ತು. ಅವಳ ಹೆಬ್ಬೆರಳು ನನ್ನ ಅಂಗೈಯನ್ನು ಮೆಲ್ಲಗೆ ಒತ್ತಿತು.