ಬಿಳಿ ದಾರದ ಪ್ರೆಸ್ಸಿನಕ್ಕ

ಪ್ರೆಸ್ಸಿನಕ್ಕನ ಕೆಳತುಟಿಯ ಎಡತುದಿ ಸದಾ ಕೆಂಪಾಗಿರುತ್ತಿತ್ತು. ಹೊಸಬರು ಎಲೆ ಅಡಿಕೆ ಹಾಕುತ್ತಾರೆ ಎಂದುಕೊಳ್ಳುತ್ತಿದ್ದರು. ಪಕ್ಕದಲ್ಲೇ ಇದ್ದ ನೀಲಿ ಗೆರೆ ಕಂಡಾಗ ಗಲಿಬಿಲಿಗೊಳ್ಳುತ್ತಿದ್ದರು. ಅದು ದಾರದ ಬಣ್ಣ. ಅಚ್ಚಿನ ಮೊಳೆ, ಅಂದರೆ ಸೀಸದ ಅಕ್ಷರ, ಜೋಡಿಸುವಾಗ ಬಣ್ಣಬಣ್ಣದ ದಾರದ ತುಂಡುಗಳನ್ನು ತುಟಿಯಲ್ಲಿ ಕಚ್ಚಿಕೊಂಡಿರುತ್ತಿದ್ದರು, ಎಂಜಲು ತಾಗಿ ಬಣ್ಣ ಬಿಡುತ್ತಿತ್ತು. ಮಾತಾಡಬೇಕಾದರೆ ಬಾಯಿಯ ಬಲಗಡೆಯಿಂದಷ್ಟೇ ಮಾತು. ಬೈಗುಳ ಮಾತ್ರ ಪೂರ್ತಿ ಬಾಯಿಂದ ಬರುತ್ತಿತ್ತು. ಆಗ ದಾರಗಳೆಲ್ಲ ನೆಲಕ್ಕೆ ಬಿದ್ದು, ನಾನು ಬಗ್ಗಿ ಆಯ್ದುಕೊಡುತ್ತಿದ್ದೆ.

ಶಿಕಾರಿಪುರದ ಆ ಪ್ರೆಸ್ಸು ಅವರ ಗಂಡ ಶುರು ಮಾಡಿದ್ದು. ಗಂಡ ತೀರಿಕೊಂಡಾಗ ಮೈದುನಂದಿರು ಮಷಿನ್ ಮಾರಿಬಿಡಿ ಎಂದರಂತೆ. ಇವರು ಸೆರಗು ಸಿಕ್ಕಿಸಿಕೊಂಡು ತಾವೇ ಕಾಲಲ್ಲಿ ತುಳಿಯುವ ಆ ಟ್ರೆಡಲ್ ಮಷಿನ್ ಮುಂದೆ ನಿಂತರು. ತೊಂಬತ್ತರ ದಶಕದ ಶುರುವಿನಲ್ಲಿ, ಶಾಲೆಯಲ್ಲಿ ಪಾಠ ಹೇಳುವ ಕೆಲಸ ಸಿಗದೆ ಮನೆಯಲ್ಲಿ ಮಾತು ಕೇಳಿಸಿಕೊಳ್ಳುತ್ತಿದ್ದ ನನ್ನನ್ನು ಕರೆದು ಮೊಳೆ ಜೋಡಿಸಲು ಕೂರಿಸಿದರು. ಮೈದುನಂದಿರ ಮನೆಯ ಲಗ್ನಪತ್ರಿಕೆ ಬಂದರೆ ಹಳೆಯ, ಸವೆದ ಮೊಳೆಗಳನ್ನೇ ಹುಡುಕಿ ನನ್ನ ಕೈಗೆ ಕೊಡುತ್ತಿದ್ದರು. "ಓದಾಕೆ ಬಂದ್ರ ಸಾಕು, ಚಂದ ಕಾಣೋದು ಬ್ಯಾಡ," ಎನ್ನುತ್ತಿದ್ದರು. ಅವರಿಗೆ ಮರೆವು ಎನ್ನುವುದೇ ಇರಲಿಲ್ಲ. ಅದಕ್ಕೇ ನನಗೆ ಅವರು ಇಷ್ಟವಾದದ್ದು.

ಪ್ರೆಸ್ಸಿಗೆ ಹೆಸರು ತಂದದ್ದು ಒಕ್ಕಣೆ ಮಷಿನ್ ನಡೆಸುವುದು ಹೇಗೆಂದು ಹೇಳುವ ಪುಸ್ತಕ. ದಾವಣಗೆರೆ ಕಡೆಯ ಒಂದು ವರ್ಕ್‌ಶಾಪಿನಲ್ಲಿ ತಯಾರಾಗುತ್ತಿದ್ದ ಭತ್ತ ಬಡಿಯುವ ಆ ಮಷಿನ್ನನ್ನು ಶಿಕಾರಿಪುರದಲ್ಲಿ ಒಬ್ಬರು, ಸೊರಬದಲ್ಲಿ ಒಬ್ಬರು ಮಾರುತ್ತಿದ್ದರು. ಇಬ್ಬರಿಗೂ ತಮ್ಮ ತಮ್ಮ ಹೆಸರು, ವಿಳಾಸ, ರಿಪೇರಿಯ ಷರತ್ತು ಪುಸ್ತಕದಲ್ಲಿ ಬೇಕು. ಮಷಿನ್ನಿನಲ್ಲೂ ಎರಡು ಜಾತಿ, ಡೀಸೆಲ್ಲಿನದು, ಕರೆಂಟಿನದು. ಹೀಗೆ ನಾಲ್ಕು ಪುಸ್ತಕ. ಗಂಡನ ಕಾಲದಲ್ಲಿ ನಾಲ್ಕನ್ನೂ ಬೇರೆ ಬೇರೆ ಜೋಡಿಸುತ್ತಿದ್ದರು. ಒಮ್ಮೆ ವರ್ಕ್‌ಶಾಪಿನವರು ಎಣ್ಣೆಯ ಅಳತೆ ಬದಲಿಸಿದಾಗ ಒಂದು ಪುಸ್ತಕದಲ್ಲಿ ತಿದ್ದಿ ಇನ್ನೊಂದರಲ್ಲಿ ಬಿಟ್ಟುಹೋಯಿತು. ಅಂಬ್ಲಿಗೊಳದ ಕಡೆಯ ರೈತರೊಬ್ಬರು ಎಣ್ಣೆ ಸಾಲದೆ ಕಚ್ಚಿಕೊಂಡುಬಿಟ್ಟ ಇಂಜಿನ್ನನ್ನು ಗಾಡಿಯಲ್ಲಿ ಹೇರಿಕೊಂಡು ಬಂದು ಪ್ರೆಸ್ಸಿನ ಬಾಗಿಲಿಗೇ ಇಳಿಸಿ ಹೋದರಂತೆ.

ಆಮೇಲೆ ಅಕ್ಕ ಈ ದಾರದ ಉಪಾಯ ಹೂಡಿದರು. ಇಡೀ ಪುಸ್ತಕ ಒಂದೇ ಸಲ ಜೋಡಿಸಿ ಇಡುವುದು, ಅಚ್ಚಾದ ಮೇಲೂ ಮೊಳೆ ಬಿಚ್ಚುವಂತಿಲ್ಲ. ಸೊರಬಕ್ಕೆ ಮಾತ್ರ ಬೇಕಾದ ತುಂಡಿಗೆ ಕೆಂಪು ದಾರ ಸುತ್ತಿ ಕಟ್ಟುವುದು, ಶಿಕಾರಿಪುರದ್ದಕ್ಕೆ ನೀಲಿ. ಡೀಸೆಲ್ಲಿಗೆ ಹಸಿರು, ಕರೆಂಟಿಗೆ ಹಳದಿ. ಎಲ್ಲರಿಗೂ ಬೇಕಾದದ್ದಕ್ಕೆ ಬಿಳಿ. ಸೊರಬದವರು ಡೀಸೆಲ್ ಪುಸ್ತಕ ಕೇಳಿದರೆ ಬಿಳಿ, ಕೆಂಪು, ಹಸಿರಿನ ತುಂಡುಗಳನ್ನು ಚೌಕಟ್ಟಿಗೆ ಕೂರಿಸಿ ಅಚ್ಚು ಹಾಕುವುದು, ಉಳಿದದ್ದು ಕಪಾಟಿನಲ್ಲೇ ಇರುತ್ತಿತ್ತು. ತಿದ್ದುಪಡಿ ಬಂದರೆ ಬಿಳಿಯಲ್ಲಿ ಒಂದು ಸಲ ತಿದ್ದಿದರೆ ನಾಲ್ಕಕ್ಕೂ ಆಯಿತು. ಯಾವ ದಾರ ಯಾರಿಗೆ ಎಂದು ಯಾರಾದರೂ ತಡವರಿಸಿದರೆ ಅಕ್ಕ ಪೂರ್ತಿ ಬಾಯಿ ತೆರೆಯುತ್ತಿದ್ದರು.

ಬಿಳಿ ದಾರದಲ್ಲಿ ಒಂದು ಪುಟವಿತ್ತು. ಕೊಯ್ದು ಕಟ್ಟಿದ ಭತ್ತದ ಸಿವುಡಿನ ತುದಿ ಮಷಿನ್ನಿನ ಬಾಯಿಗೆ ಸಿಕ್ಕ ಕೂಡಲೇ ಕೈ ಬಿಡಿ, ಹುಲ್ಲು ಸಿಕ್ಕಿಕೊಂಡರೆ ಮಷಿನ್ ನಿಲ್ಲಿಸದೆ ಕೈ ಹಾಕಬೇಡಿ, ಹೆಂಗಸರು ಬಳೆ ತೆಗೆದಿಟ್ಟು ಸೆರಗು ಬಿಗಿದು ಕೆಲಸ ಮಾಡಿ ಎಂದು. ಕೆಳಗೆ, ಕೈ ಹೋದರೆ ಬರುವುದಿಲ್ಲ ಎಂದು ದಪ್ಪ ಅಕ್ಷರದಲ್ಲಿ ಅಕ್ಕ ತಾವೇ ಸೇರಿಸಿದ್ದರು.

ಸೊರಬದಲ್ಲಿ ಮಷಿನ್ ಮಾರುತ್ತಿದ್ದ ಅಂಗಡಿಯ ಸಾಹುಕಾರರಿಗೆ ಈ ಪುಟ ಕಣ್ಣುರಿ. ಒಂದು ದಿನ ಜೀಪಿನಲ್ಲಿ ಬಂದು ಪುಸ್ತಕವನ್ನು ಮೇಜಿನ ಮೇಲೆ ಹಾಕಿದರು.

"ಇದೆಂತಕ್ಕೆ ಹಾಕೀರಿ ಅಕ್ಕ? ಇದನ್ನ ಓದಿ ಹೆಂಗಸ್ರು ಮಷಿನ್ ಹತ್ರ ಬರಲ್ಲ ಅಂತಾರೆ. ಯಾಪಾರ ಹೆಂಗೆ ಆಗ್ಬೇಕು? ನನ್ ಪುಸ್ತಕದಲ್ಲಿ ಈ ಪುಟ ತೆಗ್ದುಬಿಡ್ರಿ."

"ನಿಮ್ ಹೆಸ್ರು ಬೇಕಾದಷ್ಟು ದಪ್ಪ ಹಾಕ್ತೀನ್ರಿ. ಇದು ಬಿಳಿ ದಾರ. ಬಿಚ್ಚಂಗಿಲ್ಲ."

"ದುಡ್ಡು ಕೊಡೋನು ನಾನು."

"ಸಿವುಡು ಕೊಡೋರು ಅವ್ರು. ಕೈ ಸೊರಬದ್ದಾದ್ರೇನು, ಶಿಕಾರಿಪುರದ್ದಾದ್ರೇನು?"

ಅಷ್ಟು ಹೇಳಿದ್ದು ಬಲಗಡೆಯಿಂದ. ಸಾಹುಕಾರರು ಇನ್ನೂ ಒತ್ತಾಯ ಮಾಡಿದಾಗ ದಾರಗಳು ನೆಲಕ್ಕೆ ಬಿದ್ದವು. ಅವರು ಮುಖ ಕೆಂಪಗೆ ಮಾಡಿಕೊಂಡು ಹೋದವರು ಬೇರೆ ಊರಿನ ಪ್ರೆಸ್ಸಿನಲ್ಲಿ ನಮ್ಮ ಪುಸ್ತಕವನ್ನೇ ಮುಂದಿಟ್ಟು ಅಚ್ಚು ಹಾಕಿಸಿದರು. ಆ ಒಂದು ಪುಟ ಬಿಟ್ಟು ಎಲ್ಲವೂ ಯಥಾವತ್ತು. ಕೊನೆಯಲ್ಲಿದ್ದ ನಮ್ಮ ಪ್ರೆಸ್ಸಿನ ಹೆಸರನ್ನೂ ತೆಗೆಸಲಿಲ್ಲ.

ಆ ಸುಗ್ಗಿಯಲ್ಲೇ ಸೊರಬದ ಕಡೆಯ ಹೊಸಬಾಳೆಯಲ್ಲಿ ಒಬ್ಬ ಸೊಸೆಯ ಬಲಗೈ ಮುಂಗೈವರೆಗೂ ಮಷಿನ್ನಿಗೆ ಹೋಯಿತು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವಳ ಮಾವ ಸಾಹುಕಾರರ ಅಂಗಡಿಗೆ ಹೋಗಿ ಕೂಗಾಡಿದಾಗ, ಅವರು ಪುಸ್ತಕದ ಕೊನೆಯ ಪುಟ ತೋರಿಸಿ, "ನಾನೆಂತ ಮಾಡ್ಲಿ? ಶಿಕಾರಿಪುರದ ಪ್ರೆಸ್ಸಿನೋರು ಒಂದು ಪುಟ ಬಿಟ್ಟಾರೆ," ಎಂದರು. ಮಾವ ಸೀದಾ ನಮ್ಮಲ್ಲಿಗೆ ಬಂದು ಪುಸ್ತಕವನ್ನು ಅಕ್ಕನ ಮುಖಕ್ಕೆ ಎಸೆದರು. ಅಕ್ಕ ಅದನ್ನು ಎತ್ತಿ ಪುಟ ತಿರುಗಿಸಿ ನೋಡಿದರು. ಇದು ನಮ್ಮ ಅಚ್ಚಲ್ಲ, ಅಕ್ಷರವೇ ಬೇರೆ ಎಂದು ಹೇಳಿದರೂ ಆ ಮನುಷ್ಯ ಕೇಳಲಿಲ್ಲ. ಹೆಸರು ನಮ್ಮದೇ ಇತ್ತಲ್ಲ.

ಮಾರನೆಯ ದಿನ ನಾವಿಬ್ಬರೂ ಹೊಸಬಾಳೆಗೆ ಹೋದೆವು. ಆ ಹುಡುಗಿ ಕೈಗೆ ಬಟ್ಟೆ ಸುತ್ತಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ಅಳಲಿಲ್ಲ. "ಮನೇಲಿ ಓದಕ್ಕೆ ಬರೋದು ನನಗೊಬ್ಬಳಿಗೇ," ಎಂದಳು. "ಮಷಿನ್ ತಂದ ದಿನ ಇಡೀ ಪುಸ್ತಕ ಎಲ್ರಿಗೂ ನಾನೇ ಓದಿ ಹೇಳಿದ್ದೆ. ಇದೊಂದು ಅದ್ರಲ್ಲಿ ಇರ್ಲಿಲ್ಲ. ನೀವು ಪುಟ ಹಾಕೀವಿ ಅಂದ್ರಂತೆ, ಅದಕ್ಕೆ ಈಗ ನಮ್ಮಾವ, ನೀನೇ ಸರಿಯಾಗಿ ಓದಿಲ್ಲ, ನಿಂದೇ ತಪ್ಪು ಅಂತಾರೆ."

ಅಕ್ಕ ನಮ್ಮ ಪುಸ್ತಕ ತೆಗೆದು ಬಿಳಿ ದಾರದ ಪುಟ ತೋರಿಸಿದರು. ಅವಳು ಎಡಗೈಯಲ್ಲಿ ಹಿಡಿದು ನಿಧಾನವಾಗಿ ಓದಿದಳು. "ನೀವು ಹೇಳಿದ್ರೆ ನಮ್ಮಾವ ನಂಬಲ್ಲ ಅಕ್ಕ. ತೆಗೆಸಿದೋರೇ ಬಂದು ನಮ್ಮಾವನ ಮುಂದೆ ಹೇಳ್ಬೇಕು."

"ಹೇಳಿಸ್ತೀನಿ," ಎಂದರು ಅಕ್ಕ.

ಅಲ್ಲಿಂದ ಶುರುವಾಯಿತು ಸಾಹುಕಾರರ ಗ್ರಹಚಾರ. ಅಕ್ಕ ಆ ಒಂದು ಪುಟವನ್ನೇ ಬಿಡಿಹಾಳೆಯಾಗಿ ಅಚ್ಚು ಹಾಕಿದರು. ಮೇಲೆ ಕೆಂಪು ಶಾಯಿಯಲ್ಲಿ, "ನಿಮ್ಮ ಪುಸ್ತಕದಲ್ಲಿ ಇಲ್ಲದ ಪುಟ". ಸಾಹುಕಾರರ ಹೆಸರಿಲ್ಲ, ಬೈಗುಳವಿಲ್ಲ, ಯಾವ ವಕೀಲರಿಗೂ ಹಿಡಿಯಲು ಬಾರದಂತೆ. ಸೊರಬದ ಸಂತೆಯ ದಿನ ಅವರ ಅಂಗಡಿಯ ಎದುರಿಗೇ ನಿಂತು ಬಂದಬಂದವರ ಕೈಗೆ ಹಂಚಿದರು. ನಾನೂ ಹಂಚಿದೆ. ಪ್ರತಿ ಸುಗ್ಗಿಗೂ ಹೋದೆವು. ಅಂಗಡಿಯೊಳಗೆ ಸಾಹುಕಾರರು ತಲೆ ತಗ್ಗಿಸಿಕೊಂಡು ಕೂರುವುದನ್ನು ನೋಡಲು ನನಗೆ ಎಷ್ಟು ಖುಷಿಯಾಗುತ್ತಿತ್ತು ಎಂದರೆ, ಹಬ್ಬಕ್ಕೂ ಅಷ್ಟು ಕಾದವಳಲ್ಲ ನಾನು.

ಅವರ ಮಷಿನ್ ಮಾರಾಟ ಬಿದ್ದುಹೋಯಿತು. ವರ್ಕ್‌ಶಾಪಿನವರು ಏಜೆನ್ಸಿ ಕಿತ್ತುಕೊಂಡರು. ಆ ಸುದ್ದಿ ಬಂದ ದಿನ ಅಕ್ಕ ಎದುರಿನ ಹೋಟೆಲಿನಿಂದ ಮೈಸೂರುಪಾಕು ತರಿಸಿ ನಮಗೆಲ್ಲ ಹಂಚಿದರು. ಸಾಹುಕಾರರು ಅಕ್ಕನಿಗೆ ದೂರದ ನೆಂಟರು. ಅವರ ಕಡೆಯ ಹಿರಿಯರು ರಾಜಿಗೆ ಬಂದು, ಆದದ್ದಾಯ್ತು, ನೀವು ದೊಡ್ಡವರು, ಕ್ಷಮಿಸಿಬಿಡಿ ಎಂದರು.

"ನನ್ ಹತ್ರ ಯಾಕೆ ಬಂದ್ರಿ?" ಎಂದರು ಅಕ್ಕ. "ನನ್ ಕೈ ಎರಡೂ ನೆಟ್ಟಗೆ ಐದಾವೆ. ಹೊಸಬಾಳಿಗೆ ಹೋಗಿ ಹೇಳ್ಲಿ."

ಸಾಹುಕಾರರು ಹೋಗಲಿಲ್ಲ. ಹೋಗಿ ಹೇಳುವುದು ಒಂದು ಗಳಿಗೆಯ ಕೆಲಸ. ಬಂಡವಾಳ ಹೋದರೂ ಸರಿ, ಒಬ್ಬ ಸೊಸೆಯ ಮುಂದೆ ತಲೆ ಬಾಗಿಸುವುದು ಅವರಿಂದಾಗಲಿಲ್ಲ. ಅಕ್ಕನ ಹಟ ಜಾಸ್ತಿಯಾಯಿತು ಎಂದು ಊರಿನಲ್ಲಿ ಆಡಿಕೊಂಡರು. ಕ್ಷಮೆಯ ಉಪದೇಶ ಮಾಡುವವರ ಕೈ ನಾನು ಮೊದಲು ನೋಡುತ್ತೇನೆ, ಎಲ್ಲ ಬೆರಳೂ ಸರಿಯಾಗಿಯೇ ಇರುತ್ತವೆ.

ಆ ದಶಕದ ಕೊನೆಯಲ್ಲಿ, ಟ್ರೆಡಲ್ಲಿನ ಪಕ್ಕದಲ್ಲೇ ಕುಸಿದು ಅಕ್ಕ ತೀರಿಕೊಂಡರು. ನಮ್ಮವರ ಪದ್ಧತಿಯಂತೆ ಪಡಸಾಲೆಯಲ್ಲಿ ವಿಭೂತಿ ಹಚ್ಚಿ, ಹೂ ಹಾಕಿ ಕೂರಿಸಿದ್ದರು. ಸಾವಿನ ಮನೆಗೆ ಬಂದವರನ್ನು ತಡೆಯುವ ಪದ್ಧತಿ ನಮ್ಮಲ್ಲಿಲ್ಲ. ಎಂಥ ಹಗೆಯಿದ್ದರೂ ಬಂದು ಹಾರ ಹಾಕಿ ಕೈ ಮುಗಿದರೆ ಅಲ್ಲಿಗೆ ಅದು ಮುಗಿದಂತೆ. ಸಾಹುಕಾರರಿಗೆ ಅದು ಚೆನ್ನಾಗಿ ಗೊತ್ತಿತ್ತು. ಮಾರುದ್ದದ ಸೇವಂತಿಗೆ ಹಾರ ಹಿಡಿದು ಜೀಪಿನಿಂದ ಇಳಿದರು.

ಅಕ್ಕ ಜೀವಂತ ಇದ್ದಾಗ ಆಡದ ಮಾತನ್ನು ಸತ್ತ ಮೇಲೆ ಹಾರದಲ್ಲಿ ತೀರಿಸಿಕೊಂಡು ಹೋಗುತ್ತಾರಲ್ಲ ಎಂದು ನನ್ನ ಮೈ ಉರಿಯಿತು. ಎದ್ದು ಬಾಗಿಲಿಗೆ ಅಡ್ಡ ನಿಂತೆ.

"ಹೊಸಬಾಳಿಗೆ ಹೋಗಿ ಬನ್ರಿ. ಸಾಯಂಕಾಲದವರೆಗೂ ಅಕ್ಕನ್ನ ಎತ್ತಲ್ಲ."

ಒಳಗೆ ಭಜನೆ ನಿಂತಿತು. ಯಾರೋ ಹಿರಿಯರು, "ಇದು ಜಾಗ ಅಲ್ಲ ತಂಗಿ," ಎಂದರು. ನಾನು ಕದಲಲಿಲ್ಲ. ಅಷ್ಟೂ ಜನ ನೆಂಟರ ಎದುರು ಸಾಹುಕಾರರು ಹಾರ ಹಿಡಿದು ನಿಂತೇ ಇದ್ದರು. ಆಮೇಲೆ ತಿರುಗಿ ಜೀಪು ಹತ್ತಿದರು. ಇನ್ನು ಬರುವುದಿಲ್ಲ ಎಂದುಕೊಂಡೆವು.

ಬಿಸಿಲು ಇಳಿಯುವ ಹೊತ್ತಿಗೆ ಜೀಪು ವಾಪಸ್ ಬಂತು. ಮೊದಲು ಇಳಿದದ್ದು ಹೊಸಬಾಳೆಯ ಆ ಸೊಸೆ, ಹಿಂದೆ ಅವಳ ಮಾವ. ಅವಳು ನೇರವಾಗಿ ಒಳಗೆ ಬಂದು ಅಕ್ಕನ ಎದುರು ಕೂತಳು.

"ಹೇಳಿದ್ರು ಅಕ್ಕ," ಎಂದಳು. "ಪುಟ ತೆಗೆಸಿದ್ದು ನಾನೇ ಅಂತ ನಮ್ಮಾವನ ಮುಂದೇನೇ ಹೇಳಿದ್ರು."

ಅವಳ ಮಾವ ಕಂಬದ ಪಕ್ಕ ನಿಂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಸಾಹುಕಾರರು ಹೊಸ್ತಿಲಾಚೆ ನಿಂತು, "ಈಗ ಒಳಗೆ ಬರಬೌದಾ ತಂಗಿ?" ಎಂದು ನನ್ನನ್ನು ಕೇಳಿದರು. ನಾನು ಅವಳ ಕಡೆ ನೋಡಿದೆ. ಅವಳು ತಿರುಗಲಿಲ್ಲ.

"ಬರ್ಲಿ," ಎಂದಳು. "ಹಾರ ಹೊರಗಿಟ್ಟು ಬರ್ಲಿ."

ಅವರು ಹಾರವನ್ನು ಚಪ್ಪಲಿಗಳ ಪಕ್ಕದಲ್ಲಿ ಇಟ್ಟು ಒಳಗೆ ಬಂದರು.